ವಿಂಡೋಸ್ 11ಕ್ಕೆ ಹೋಗುವ ಮುನ್ನ: ಕಡತ ಉಳಿಸುವ 10 ಸೂತ್ರಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಕಂಪ್ಯೂಟರ್ ಮಾಮೂಲಿನಂತೆ ಓಡುತ್ತದೆ, ಆದರೆ ಹೊಸದಾಗಿ ಪತ್ತೆಯಾಗುವ ಲೋಪಗಳು ಹಾಗೇ ಉಳಿಯುತ್ತವೆ. ವಡ್ಡು, ತೋರಣಗಲ್ಲು ಕಡೆಯ ಲಾರಿ ಆಫೀಸು, ಕಂಪ್ಲಿಯ ಭತ್ತದ ವ್ಯಾಪಾರ, ಹೊಸಪೇಟೆಯ ಡಿಟಿಪಿ ಸೆಂಟರ್, ಹಳ್ಳಿಯ ಗ್ರಾಮ ಒನ್ ಕೇಂದ್ರ: ಎಲ್ಲ ಕಡೆಯೂ ಕಂಪ್ಯೂಟರಿನಲ್ಲಿ ದುಡ್ಡಿನ ಲೆಕ್ಕವಿದೆ, ಜನರ ದಾಖಲೆಯಿದೆ. ಬದಲಾಯಿಸುವುದು ಅನಿವಾರ್ಯ. ಆದರೆ ‘ಹೊಸ ವಿಂಡೋಸ್ ಹಾಕಿಕೊಡಿ’ ಎಂದು ರಿಪೇರಿ ಅಂಗಡಿಯಲ್ಲಿ ಬಿಟ್ಟು ಬಂದರೆ ಸಾಲದು. ಅದಕ್ಕೂ ಮುಂಚೆ ನೀವೇ ಮಾಡಬೇಕಾದ ಕೆಲಸಗಳಿವೆ.

1. ಮೊದಲು ಯಂತ್ರದ ಜಾತಕ ನೋಡಿ. ವಿಂಡೋಸ್ 11ಕ್ಕೆ 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದು ಅಥವಾ ಅದರ ನಂತರದ್ದಾಗಿರಬೇಕು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಉಚಿತ. ನಿಮ್ಮ ಯಂತ್ರ ಯೋಗ್ಯವೋ ಅಲ್ಲವೋ ಎಂದು ಅದೇ ಹೇಳುತ್ತದೆ. ‘ಟಿಪಿಎಂ ಇಲ್ಲ’ ಎಂದು ಬಂದರೆ ಗಾಬರಿ ಬೇಡ. ಎಷ್ಟೋ ಯಂತ್ರಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ ಆಫ್ ಆಗಿರುತ್ತದೆ.

2. ಎರಡು ಪ್ರತಿ ತೆಗೆಯಿರಿ, ಒಂದನ್ನು ಬೇರೆ ಕಡೆ ಇಡಿ. ಡಾಕ್ಯುಮೆಂಟ್ಸ್ ಫೋಲ್ಡರ್ ಒಂದೇ ಸಾಲದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್‌ನಲ್ಲೂ ಮುಖ್ಯ ಕಡತಗಳಿರುತ್ತವೆ. ಟ್ಯಾಲಿ ಲೆಕ್ಕವನ್ನು ಟ್ಯಾಲಿಯ ಬ್ಯಾಕಪ್ ಆಯ್ಕೆಯಿಂದಲೇ ತೆಗೆಯಿರಿ. ಆಮೇಲೆ ಬ್ಯಾಕಪ್ ಇರುವ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ಕೆಲವು ಕಡತ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

3. ಹಳೆಯ ಕನ್ನಡ ಕಡತಗಳನ್ನು ಬೇರೆಯಾಗಿ ಕಾಯಿರಿ. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಮಾಡಿದ ಕಡತಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದಿದ್ದರೆ ಆಮಂತ್ರಣ ಪತ್ರಿಕೆಯಾಗಲಿ, ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಾದ ಪ್ರಬಂಧವಾಗಲಿ, ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ.

ಆದ್ದರಿಂದ ಮೂರು ಕೆಲಸ ಮಾಡಿ. ಬಳಸುತ್ತಿರುವ ಫಾಂಟ್‌ಗಳನ್ನೆಲ್ಲ ಬ್ಯಾಕಪ್ ಡಿಸ್ಕಿಗೆ ನಕಲಿಸಿ. ಮುಖ್ಯ ಕಡತಗಳನ್ನು ಪಿಡಿಎಫ್ ಮಾಡಿಡಿ. ಮುಂದೆ ತಿದ್ದಬೇಕಾದವನ್ನು ನುಡಿ ಅಥವಾ ಬರಹದ ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ಓದಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಅದರಲ್ಲಿರುವ ಕಡತ ವಿಂಡೋಸ್ ಬದಲಾದರೂ, ಮೊಬೈಲಿಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ.

ಹೊಸ ವಿಂಡೋಸ್‌ನಲ್ಲಿ ತುಂಗಾ ಫಾಂಟ್ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ.

4. ತಂತ್ರಾಂಶಗಳ ಪಟ್ಟಿ ಮಾಡಿ. ಹೆಸರು, ಆವೃತ್ತಿ, ಲೈಸೆನ್ಸ್ ಸಂಖ್ಯೆ, ಡಾಂಗಲ್ ಬೇಕೋ ಬೇಡವೋ ಎಲ್ಲವನ್ನೂ ಕಾಗದದಲ್ಲಿ ಬರೆದಿಡಿ. ಪುಟ ವಿನ್ಯಾಸದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ; ಹೊಸ ವಿಂಡೋಸ್‌ನಲ್ಲಿ ಅದು ಸರಿಯಾಗಿ ನಡೆದೀತೆಂದು ಭಾವಿಸಿ ಕೂರಬೇಡಿ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ನಿಮ್ಮಲ್ಲಿ 32 ಬಿಟ್ ವಿಂಡೋಸ್ ಇದ್ದರೆ ಎಲ್ಲವನ್ನೂ ಹೊಸದಾಗಿ ಹಾಕಬೇಕಾಗುತ್ತದೆ, ಡಾಸ್ ಕಾಲದ ಬಿಲ್ಲಿಂಗ್ ತಂತ್ರಾಂಶ ನೇರವಾಗಿ ಓಡುವುದಿಲ್ಲ.

5. ಜೋಡಿಸಿರುವ ಸಾಧನಗಳನ್ನು ಮರೆಯಬೇಡಿ. ವೇ ಬ್ರಿಡ್ಜ್‌ನಿಂದ ಬರುವ ಕೇಬಲ್, ಬೆರಳಚ್ಚು ಸ್ಕ್ಯಾನರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಹಳೆಯ ಪ್ರಿಂಟರ್: ಇವುಗಳಿಗೆ ಡ್ರೈವರ್ ಸಿಗದಿದ್ದರೆ ಕಂಪ್ಯೂಟರ್ ಚೆನ್ನಾಗಿದ್ದೂ ವ್ಯವಹಾರ ನಿಲ್ಲುತ್ತದೆ. ತಯಾರಕರ ಜಾಲತಾಣದಿಂದ ವಿಂಡೋಸ್ 11ರ ಡ್ರೈವರ್‌ಗಳನ್ನು ಮೊದಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿಡಿ.

6. ಕೀಲಿಗಳು ಕೈಯಲ್ಲಿರಲಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಬಯಾಸ್ ಮುಟ್ಟಿದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದಿಲ್ಲದೆ ಒಳಗಿನ ಯಾವ ಕಡತವೂ ಸಿಗದು. ಮೊದಲೇ ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್, ಒಟಿಪಿ ಬರುವ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ನೋಡಿ.

7. ಕೆಂಪು ಧೂಳು ತೆಗೆಸಿ. ಸಂಡೂರು ಸೀಮೆಯ ಅದಿರಿನ ಧೂಳು ಫ್ಯಾನಿಗೆ ಮೆತ್ತಿದರೆ ಪ್ರೊಸೆಸರ್ ಕಾಯುತ್ತದೆ, ಕೆಲಸ ನಿಧಾನವಾಗುತ್ತದೆ. ಅಪ್‌ಗ್ರೇಡ್ ವೇಳೆ ಯಂತ್ರಕ್ಕೆ ಬಹಳ ಹೊತ್ತು ಶ್ರಮ ಬೀಳುತ್ತದೆ. ಅದಕ್ಕೂ ಮೊದಲು ಶುಚಿ ಮಾಡಿಸಿ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಲು ಇದೇ ಸಮಯ. ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಖಾಲಿ ಇಟ್ಟುಕೊಳ್ಳಿ.

8. ದಿನ ನೋಡಿ ಕೈಹಾಕಿ. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖುಗಳು ಮುಖ್ಯ. 20 ಕಳೆದ ಮೇಲಿನ ಭಾನುವಾರ ಒಳ್ಳೆಯದು. ಹಂಪಿಯಲ್ಲಿ ಹೋಂಸ್ಟೇ ನಡೆಸುವವರು ಉತ್ಸವದ ವಾರ ಬಿಟ್ಟುಬಿಡಿ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ. ಹಲವು ಜಿಬಿ ಇಳಿಯಬೇಕಿರುವುದರಿಂದ ಮೊಬೈಲ್ ಡೇಟಾ ನೆಚ್ಚಿಕೊಳ್ಳದಿರುವುದು ಲೇಸು.

9. ಮೊದಲ 10 ದಿನ ಪರೀಕ್ಷೆಗೇ ಇಡಿ. ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದ್ದರೆ ‘ಗೋ ಬ್ಯಾಕ್’ ಮೂಲಕ ಹಿಂದಿನದಕ್ಕೆ ಮರಳಲು 10 ದಿನ ಅವಕಾಶವಿದೆ. ಅಷ್ಟರೊಳಗೆ ಪ್ರಿಂಟ್ ತೆಗೆಯಿರಿ, ನುಡಿಯಲ್ಲಿ ಟೈಪ್ ಮಾಡಿ, ಟ್ಯಾಲಿ ತೆರೆಯಿರಿ, ಟೋಕನ್ ಹಾಕಿ ಸಹಿ ಮಾಡಿ ನೋಡಿ. ಜಾಗ ಉಳಿಸಲೆಂದು ‘ವಿಂಡೋಸ್.ಓಲ್ಡ್’ ಫೋಲ್ಡರ್ ಅಳಿಸಿದರೆ ಮರಳುವ ದಾರಿ ಮುಚ್ಚಿತು.

10. ಯಂತ್ರ ಹಳೆಯದಾದರೆ ಕಳ್ಳದಾರಿ ಬೇಡ. ಕ್ರ್ಯಾಕ್ ಮಾಡಿದ ವಿಂಡೋಸ್ ಜೊತೆ ವೈರಸ್ಸೂ ಬರಬಹುದು. ಮನೆಬಳಕೆಯ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟ್ ಘೋಷಿಸಿದ ವಿಂಡೋಸ್ 10ರ ವಿಸ್ತರಿತ ಭದ್ರತಾ ಯೋಜನೆಯ ಗಡುವು 2026ರ ಅಕ್ಟೋಬರ್ 13. ಬ್ರೌಸರ್, ಪತ್ರ, ಲೆಕ್ಕದ ಹಾಳೆ ಇಷ್ಟೇ ಸಾಕೆನ್ನುವವರಿಗೆ ಉಬುಂಟು, ಲಿನಕ್ಸ್ ಮಿಂಟ್ ಉಚಿತ, ಎರಡರಲ್ಲೂ ಯೂನಿಕೋಡ್ ಕನ್ನಡ ಸಲೀಸು. ಪೇಜ್‌ಮೇಕರ್‌ಗಾಗಿಯೇ ಹಳೆಯ ಯಂತ್ರ ಉಳಿಸಿಕೊಳ್ಳುವುದಾದರೆ ಅದರ ಇಂಟರ್‌ನೆಟ್ ತೆಗೆದುಬಿಡಿ.

ವಿಂಡೋಸ್ ಕೆಟ್ಟರೆ ಮತ್ತೆ ಹಾಕಬಹುದು, ಕಂಪ್ಯೂಟರ್ ಹಾಳಾದರೆ ಇನ್ನೊಂದು ಕೊಳ್ಳಬಹುದು. ವರ್ಷಗಟ್ಟಲೆ ಬರೆದ ಲೆಕ್ಕ, ಕೂಡಿಟ್ಟ ಕನ್ನಡ ಕಡತ ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಪ್‌ಗ್ರೇಡ್ ಮುಂದಿನ ತಿಂಗಳಾದರೂ ಆಗಲಿ. ಬ್ಯಾಕಪ್ ಮಾತ್ರ ಇಂದೇ ತೆಗೆಯಿರಿ.