ಆರೋಗ್ಯ ಪಾಠ: ಪ್ರಸಾದಕಾಯದೊಳಗಿನ ಜೀವರಾಶಿ



ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಕ್ಕೆ ಅರ್ಪಿಸಿ ಉಂಡ ಅನ್ನದಿಂದ ಬೆಳೆದ ದೇಹವನ್ನು ನಮ್ಮ ಹಿರಿಯರು ಪ್ರಸಾದಕಾಯವೆಂದರು. ಈ ಕಾಯದಲ್ಲಿ ನಮ್ಮೊಡನೆ ಉಣ್ಣುವ ಬೇರೆ ಜೀವಗಳೂ ಇವೆ. ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಎಲ್ಲ ಸೇರಿದರೂ ತೂಕ ಕಾಲು ಕೆ.ಜಿ.ಯಷ್ಟಿಲ್ಲ. ಬಹುಪಾಲು ನೆಲೆಸಿರುವುದು ದೊಡ್ಡ ಕರುಳಿನಲ್ಲಿ. ಬೊಜ್ಜಿಗೂ ಸಕ್ಕರೆ ಕಾಯಿಲೆಗೂ ಇವುಗಳಿಗೂ ಏನು ಸಂಬಂಧ ಎಂಬುದೇ ಈ ಪಾಠದ ವಿಷಯ.

ಎತ್ತಿನ ಹೊಟ್ಟೆ ಹೇಳುವ ಮಾತು

ಒಣ ಹುಲ್ಲನ್ನು ಅರಗಿಸುವ ಶಕ್ತಿ ಎತ್ತಿಗೆ ತಾನಾಗಿ ಇಲ್ಲ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುಳಿಯಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ಆ ಆಮ್ಲಗಳಿಂದಲೇ ಎತ್ತು ನೊಗ ಎಳೆಯುತ್ತದೆ. ದನವೊಂದು ಅಕ್ಕಿಯನ್ನೋ ಹಬ್ಬದ ಅನ್ನವನ್ನೋ ಒಮ್ಮೆಲೇ ಹೆಚ್ಚಾಗಿ ತಿಂದರೆ ಮಲಗಿಬಿಡುತ್ತದೆ, ಸಾಯುವುದೂ ಉಂಟು. ಮೇವು ಬದಲಾದಾಗ ಒಳಗಿನ ಜೀವಿಗಳ ಸಮತೋಲ ಕೆಡುವುದೇ ಅದಕ್ಕೆ ಕಾರಣ.

ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಚಿಕ್ಕ ಪ್ರಮಾಣದಲ್ಲಿ ಇದೇ ಕೆಲಸ ನಡೆಯುತ್ತದೆ. ನಾವು ಅರಗಿಸಲಾರದ ನಾರನ್ನು ಈ ಜೀವಿಗಳು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಬ್ಯುಟಿರೇಟ್ ಕರುಳಿನ ಗೋಡೆಗೆ ಆಹಾರ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಹಾರ್ಮೋನುಗಳು ಹೊರಡಲು ಈ ಆಮ್ಲಗಳು ನೆರವಾಗುತ್ತವೆ. ನಾರು ಸಿಗದಿದ್ದರೆ ಕೆಲವು ಜೀವಿಗಳು ಕರುಳಿನ ಒಳಲೋಳೆಯನ್ನೇ ತಿನ್ನತೊಡಗುತ್ತವೆ ಎಂದು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಆಗ ಗೋಡೆ ದುರ್ಬಲವಾಗಿ ಬ್ಯಾಕ್ಟೀರಿಯಾದ ವಿಷಾಂಶಗಳು ರಕ್ತಕ್ಕೆ ಸೇರಿದರೆ ಉರಿಯೂತ ಹುಟ್ಟುತ್ತದೆ, ಇನ್ಸುಲಿನ್ ತನ್ನ ಕೆಲಸ ಸರಿಯಾಗಿ ಮಾಡಲಾರದು.

ಅವಳಿಗಳ ಪರೀಕ್ಷೆ

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ 2013ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿತು. ಅವಳಿಗಳಲ್ಲಿ ಒಬ್ಬರು ದಪ್ಪ, ಒಬ್ಬರು ತೆಳ್ಳಗೆ. ಇಬ್ಬರ ಕರುಳಿನ ಜೀವಿಗಳನ್ನೂ ಯಾವ ಸೂಕ್ಷ್ಮಜೀವಿಯೂ ಇಲ್ಲದೆ ಬೆಳೆಸಿದ ಇಲಿಗಳಿಗೆ ಬೇರೆ ಬೇರೆಯಾಗಿ ಸೇರಿಸಿದರು. ಮೇವು ಒಂದೇ ಆಗಿದ್ದರೂ ದಪ್ಪಗಿದ್ದವರ ಜೀವಿಗಳನ್ನು ಪಡೆದ ಇಲಿಗಳಲ್ಲಿ ಹೆಚ್ಚು ಕೊಬ್ಬು ಬೆಳೆಯಿತು. ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿಟ್ಟಾಗ ತೆಳ್ಳಗಿನವುಗಳ ಜೀವಿಗಳು ದಪ್ಪಗಾಗಬೇಕಾದವುಗಳಿಗೂ ಸೇರಿ ಕೊಬ್ಬು ತಡೆಯಿತು. ಆದರೆ ಮೇವಿನಲ್ಲಿ ಕೊಬ್ಬು ಕಡಿಮೆ, ನಾರು ಹೆಚ್ಚು ಇದ್ದಾಗ ಮಾತ್ರ ಈ ಲಾಭ ದೊರೆಯಿತು. ಬೀಜ ಒಳ್ಳೆಯದಾದರೂ ನೆಲ ಹಸನಾಗಿರಬೇಕೆಂಬುದು ರೈತರಿಗೆ ಹೊಸ ಮಾತಲ್ಲ.

ನಮ್ಮ ಸೀಮೆಯ ತಟ್ಟೆ

ಹಿಂದೂಪುರ, ಕಲ್ಯಾಣದುರ್ಗಗಳದು ಮಳೆ ಕಡಿಮೆಯ ಸೀಮೆ. ರಾಗಿ, ಜೋಳ, ಸಜ್ಜೆ, ನವಣೆ, ಹುರುಳಿ ಇಲ್ಲಿಯ ಹಳೆಯ ಆಹಾರ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕೆ.ಜಿ.ಗೆ ಎರಡು ರೂಪಾಯಿಯ ಅಕ್ಕಿ ತಂದಿತು. ಅದು ಬಡವರ ಹಸಿವು ನೀಗಿಸಿದ ಕಾರ್ಯ, ಅದನ್ನು ಹಳಿಯಲಾಗದು. ಆದರೆ ಕಾಲಕ್ರಮೇಣ ಬಿಳಿ ಅನ್ನವೇ ಮೂರು ಹೊತ್ತಿನ ಊಟವಾದ ಮನೆಗಳಲ್ಲಿ ನಾರು ಕಡಿಮೆಯಾಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೊತೆಗೆ ಹೊಲದ ಮೈಮುರಿಯುವ ದುಡಿಮೆ ಕಡಿಮೆಯಾಯಿತು. ವರ್ತಕರಂತೂ ದಿನವಿಡೀ ಗದ್ದಿಗೆಯ ಮೇಲೆ ಕೂತೇ ಇರುತ್ತಾರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತಿಳಿಸಿದೆ.

ಆಚರಣೆಗೆ ತರಬೇಕಾದುದು

ಕರುಳಿನ ಜೀವಿಗಳೊಂದೇ ಬೊಜ್ಜಿಗೆ ಕಾರಣವಲ್ಲ. ವಂಶ, ಊಟದ ಅಳತೆ, ನಿದ್ರೆ, ದುಡಿಮೆ ಎಲ್ಲವೂ ಸೇರಿವೆ. ಬ್ಯಾಕ್ಟೀರಿಯಾದ ಪುಡಿ ನುಂಗಿದರೆ ಬೊಜ್ಜು ಕರಗುತ್ತದೆಂಬ ಜಾಹೀರಾತು ನಂಬಿ ಹಣ ಕಳೆದುಕೊಳ್ಳಬೇಡಿ.

ರಾಗಿಯಲ್ಲೂ ಪಿಷ್ಟವಿದೆ. ಆದ್ದರಿಂದ ಸಕ್ಕರೆ ಕಾಯಿಲೆಯವರು ಎರಡು ಮುದ್ದೆಯ ಬದಲು ಒಂದನ್ನು ಉಂಡು, ಉಳಿದ ಜಾಗವನ್ನು ಸೊಪ್ಪಿನ ಸಾರು, ಹುರುಳಿ, ಅವರೆ, ಅಲಸಂದೆ ಕಾಳುಗಳಿಂದ ತುಂಬಲಿ. ಕಾಳುಗಳ ಅಭ್ಯಾಸವಿಲ್ಲದವರು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸದು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ ಒಳ್ಳೆಯವು. ಆದರೆ ಅವುಗಳ ಜೀವಿಗಳು ಕರುಳಿನಲ್ಲಿ ಬಹುಕಾಲ ನಿಲ್ಲುವುದಿಲ್ಲ, ಆದ್ದರಿಂದ ನಿತ್ಯ ಬಳಸಬೇಕು. ನೆಗಡಿಗೆಲ್ಲ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬಾರದು. ಅದು ಕೆಟ್ಟ ಜೀವಿಗಳೊಡನೆ ಒಳ್ಳೆಯವನ್ನೂ ಕೊಲ್ಲುತ್ತದೆ. ವೈದ್ಯರು ಕೊಟ್ಟಾಗ ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಾವಾಗಿಯೇ ಬಿಡಬಾರದು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ಮಕ್ಕಳು ಮುದ್ದೆ ಸಾರು ಉಂಡು ಬೆಳೆದರು. ನಮ್ಮ ಜಾತ್ರೆ, ಮದುವೆಗಳ ಪಂಕ್ತಿಯಲ್ಲಿ ಒಂದು ಸಿಹಿ ಕಡಿಮೆ ಮಾಡಿ ಒಂದು ಕಾಳಿನ ಪಲ್ಯ ಹೆಚ್ಚಿಸಿದರೆ ದಾಸೋಹಕ್ಕೆ ಕುಂದೇನೂ ಇಲ್ಲ. ಉಂಡವರು ಆರೋಗ್ಯವಂತರಾಗಿ ಮರುದಿನ ಕಾಯಕಕ್ಕೆ ಏಳಬೇಕು.

ಮನೆಯವರೆಲ್ಲ ಕೂಡಿ ಚಿಂತಿಸಲು

1. ನಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಹೊತ್ತು ಸಿರಿಧಾನ್ಯ, ಕಾಳು, ಸೊಪ್ಪು ಬಳಸುತ್ತೇವೆ?
2. ನಮ್ಮ ಹೊಲದ ಒಂದು ಮೂಲೆಯನ್ನಾದರೂ ಮನೆಯೂಟದ ರಾಗಿ, ನವಣೆ, ಹುರುಳಿಗೆ ಬಿಡಬಹುದೇ?
3. ಅಂಗಡಿಯಲ್ಲಿ ಕೂರುವವರು ದಿನಕ್ಕೆ ಅರ್ಧ ಗಂಟೆ ನಡೆಯಲು ಯಾವ ಹೊತ್ತು ಅನುಕೂಲ?