ನಾಯಿಗೆ ಹಸಿ ಕಾರಿಜ ಹಾಕಬೇಡಿರಿ



ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿಯೂ ಕೊಪ್ಪಳ, ಗಂಗಾವತಿಗಳ ಗುಡ್ಡದ ಬದಿಯಲ್ಲಿಯೂ ಕುರಿಹಿಂಡಿಗೆ ನಾಯಿಯೇ ಕಾವಲು. ಅದಕ್ಕೆ ಹೊಟ್ಟೆ ತುಂಬ ಹಾಕುವುದು ನಮ್ಮ ಧರ್ಮ. ಆದರೆ ಜಾತ್ರೆ, ದೇವರ ಕಾರ್ಯಗಳಲ್ಲಿ ಕುರಿ ಕೊಯ್ದಾಗ ಕಾರಿಜ, ಪುಪ್ಪುಸಗಳಲ್ಲಿ ಗುಳ್ಳೆ ಕಂಡರೆ, ನಾವು ತಿನ್ನದ ಆ ಭಾಗವನ್ನೇ ನಾಯಿಗೆ ಎಸೆಯುತ್ತೇವೆ. ಕೇಡಿನ ಮೂಲ ಇದೇ.

ರೋಗ ಹರಡುವ ಬಗೆ

ನೀರು ತುಂಬಿದ ಆ ಗುಳ್ಳೆಯಲ್ಲಿ ಒಂದು ಜಾತಿಯ ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿ ಅದನ್ನು ತಿಂದ ಸುಮಾರು 6-7 ವಾರಗಳಲ್ಲಿ ಅವು ಅದರ ಕರುಳಿನಲ್ಲಿ ಬಲಿಯುತ್ತವೆ. ಹುಳು ಅಕ್ಕಿಕಾಳಿನಷ್ಟೇ ಚಿಕ್ಕದು. ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಆದರೆ ಅದರ ಮಲದೊಡನೆ ಮೊಟ್ಟೆಗಳು ಹೊರಬಿದ್ದು ಹುಲ್ಲು, ನೀರು, ಕಾಯಿಪಲ್ಲೆಗಳನ್ನು ಸೇರುತ್ತವೆ. ನಾಯಿಯ ಕೂದಲಿಗೂ ಅಂಟುತ್ತವೆ. ಅವನ್ನು ನುಂಗಿದ ಕುರಿಗೂ ಗುಳ್ಳೆ, ಮನುಷ್ಯನಿಗೂ ಗುಳ್ಳೆ. ನಾಯಿಯೊಡನೆ ಆಡಿ ಕೈ ತೊಳೆಯದೆ ಉಣ್ಣುವ ಮಕ್ಕಳಿಗೆ ಅಪಾಯ ಹೆಚ್ಚು. ಗುಳ್ಳೆ ವರ್ಷಗಟ್ಟಲೆ ಸುಳಿವು ಕೊಡದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಪರದೇಶಗಳ ಅನುಭವ

ಐಸ್‌ಲೆಂಡ್ ಕುರಿ ಸಾಕುವವರ ನಾಡು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಪಶುವೈದ್ಯ ಹರಾಲ್ಡ್ ಕ್ರಾಬೆಯವರು 100 ನಾಯಿಗಳನ್ನು ಪರೀಕ್ಷಿಸಿದಾಗ 28ರಲ್ಲಿ ಈ ಹುಳು ಕಂಡಿತು. ಮರುವರ್ಷ ಅವರು ಬರೆದ ಕಿರುಪುಸ್ತಕವನ್ನು ಮನೆಮನೆಗೆ ಪುಕ್ಕಟೆ ಹಂಚಲಾಯಿತು. ಜನರು ಓದಿ ನಡೆದುಕೊಂಡರು. ಕಾಯಿದೆಯೂ ಬೆಂಬಲಕ್ಕೆ ಬಂತು. ಇಂದು ಆ ರೋಗ ಅಲ್ಲಿ ಇಲ್ಲವಾಗಿದೆ.

ಯುರೋಪ್ ಒಕ್ಕೂಟದ 2009ರ ಕಾಯಿದೆಯು ಪ್ರಾಣಿಗಳ ಮಾಂಸ, ಮೂಳೆ ಮುಂತಾದ ಉಳಿಕೆಗಳನ್ನು 3 ವರ್ಗ ಮಾಡಿದೆ. ಸಾಮಾನ್ಯವಾಗಿ ಅಪಾಯ ಅತಿ ಕಡಿಮೆಯಿರುವ 3ನೆಯ ವರ್ಗದಿಂದಲೇ ನಾಯಿ, ಬೆಕ್ಕುಗಳ ಆಹಾರ ತಯಾರಾಗಬೇಕು. ನಮ್ಮ ಹಟ್ಟಿಗೂ ಈ ತತ್ವ ಸಲ್ಲುತ್ತದೆ: ರೋಗದ ಗುರುತಿರುವ ಮಾಂಸ ನಾಯಿಯ ಆಹಾರವಲ್ಲ.

ಮಾಡಬೇಕಾದುದು

1. ಗುಳ್ಳೆಯಿರುವ ಅಂಗವನ್ನು ಸುಡಿರಿ. ಇಲ್ಲವೆ ನಾಯಿ ಕೆದರದಂತೆ ಆಳವಾಗಿ ಹೂಳಿ ಮೇಲೆ ಕಲ್ಲು ಹೇರಿರಿ.

2. ನಾಯಿಗೆ ಕಾರಿಜ, ಪುಪ್ಪುಸ ಹಾಕುವುದಾದರೆ ಅರ್ಧ ಗಂಟೆ ಕುದಿಸಿ ಹಾಕಿರಿ.

3. ತಲೆ ವಾಲಿಸಿ ಸುತ್ತು ಹಾಕುವ ಕುರಿಯ ತಲೆಯನ್ನು ನಾಯಿಗೆ ಕೊಡಬೇಡಿರಿ. ಮಿದುಳಿನ ಆ ಗುಳ್ಳೆ ಇನ್ನೊಂದು ಜಾತಿಯ ಲಾಡಿಹುಳುವಿನದು. ಅದೂ ನಾಯಿಯ ಮೂಲಕವೇ ಹಿಂಡಿಗೆ ಹರಡುತ್ತದೆ.

4. ಸತ್ತ ಕುರಿಯನ್ನು ಬಯಲಿಗೆ ಎಸೆಯದೆ ಹೂಳಿರಿ.

5. ಪಶುವೈದ್ಯರ ಸಲಹೆಯಂತೆ ನಾಯಿಗೆ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ತಪ್ಪದೆ ಕೊಡಿಸಿರಿ.

6. ನಾಯಿಯನ್ನು ಮುಟ್ಟಿದ ಮೇಲೆ, ಉಣ್ಣುವ ಮೊದಲು, ಸಾಬೂನಿನಿಂದ ಕೈ ತೊಳೆಯಿರಿ.

ಒಬ್ಬರು ಹೂಳಿ ನೆರೆಯವರು ಎಸೆದರೆ ಫಲವಿಲ್ಲ. ಮುಂದಿನ ಜಾತ್ರೆಗೆ ಮೊದಲೇ ಊರಿನವರು ಕೂಡಿ, ಕುರಿ ಕೊಯ್ಯುವ ಸ್ಥಳದ ಹತ್ತಿರ ಒಂದು ಆಳವಾದ ಗುಂಡಿ ತೋಡಿಸಿರಿ.