ಚಿತ್ರದ ಪಕ್ಕ ನೀವೇ ಕೂತಿರಿ

ತಮ್ಮಾ, ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ಹುಡುಗ ಹುಡುಗಿಯರು ಸೇರಿ ವರ್ಷಾ ವರ್ಷಾ ಚಿತ್ರಪ್ರದರ್ಶನ ಮಾಡಬೇಕಂತ ಹೊರಟಿದ್ದೀರಿ, ಕೇಳಿ ಖುಷಿಯಾಯಿತು. ಒಳ್ಳೆಯ ಗ್ಯಾಲರಿ ಇಲ್ಲವಲ್ಲ ಅಂತ ಕೂಡಬೇಡಿ. 2009ರ ಕೊನೆಗೆ ಜಿಲ್ಲೆಯಾದ ಊರು ನಮ್ಮದು, ಕಟ್ಟಡಗಳು ಒಂದೊಂದಾಗಿ ಬರುತ್ತವೆ. ಕಲಬುರಗಿಯನ್ನೇ ನೋಡಿ, ಅಲ್ಲಿ 1916ರಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಂದ ದೇಶಕ್ಕೆಲ್ಲ ಗೊತ್ತಾದ ಎಸ್.ಎಂ. ಪಂಡಿತರ ಹೆಸರನ್ನು ಅವರ ಊರಲ್ಲಿ ಒಂದು ರಂಗಮಂದಿರಕ್ಕೆ ಇಟ್ಟಿದ್ದಾರೆ. ಚಿತ್ರಕಾರನ ಹೆಸರು, ನಾಟಕದ ಕಟ್ಟಡ! ಇರಲಿ, ಹೆಸರಾದರೂ ಉಳಿಯಿತು. ನಿಮಗೆ ಸದ್ಯ ಸಾಲಿಯ ಒಂದು ದೊಡ್ಡ ಕೋಣೆ ಸಾಕು.

ಮೊದಲ ಪ್ರದರ್ಶನ ಸುರಪುರದಲ್ಲೇ ಆಗಲಿ. ಕಾರಣ ಇದೆ. ನಾಯಕ ಅರಸರ ಆಸರೆಯಲ್ಲಿ ಇಲ್ಲಿ ಬೆಳೆದ ಚಿತ್ರಕಲೆಗೆ ಸುರಪುರ ಶೈಲಿ ಅಂತಲೇ ಹೆಸರು. ಗರುಡಾದ್ರಿ ಮನೆತನದವರು ತಲೆಮಾರುಗಟ್ಟಲೆ ಅದೇ ಕೆಲಸ ಮಾಡಿದರು. ಅಂಗೈಯಗಲದ ಜಾಗದಲ್ಲಿ ದೇವರ ಕಿರೀಟ, ಕೊರಳ ಸರ, ಸೀರೆಯ ಅಂಚು ಎಲ್ಲಾ ಎಳೆ ಎಳೆಯಾಗಿ ಕಾಣಬೇಕು, ಮೇಲೆ ಬಂಗಾರದ ರೇಕು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ತೀರಿಕೊಂಡ ಮೇಲೆ ಸಂಸ್ಥಾನವೇ ಉಳಿಯಲಿಲ್ಲ, ಚಿತ್ರಕಾರರಿಗೆ ಅನ್ನ ಹಾಕುವವರು ಎಲ್ಲಿಂದ ಬರಬೇಕು?

ಅಂಥ ಹಳೆಯ ಚಿತ್ರ ಇನ್ನೂ ಯಾರದಾದರೂ ದೇವರ ಕೋಣೆಯಲ್ಲಿ ಊದಿನಕಡ್ಡಿಯ ಹೊಗೆ ಕುಡಿಯುತ್ತ ಇದ್ದೀತು. ಹಿರಿಯರನ್ನು ಕಂಡು, ಪ್ರದರ್ಶನಕ್ಕೆ ಕೊಡಿ ಅಂತ ಕೈ ಮುಗಿದು ಕೇಳಿ. ಕೊಟ್ಟರೆ ಮೊದಲು ಎದುರಿಗೇ ಫೋಟೊ ತೆಗೆದು, ಎಲ್ಲಿ ಬಣ್ಣ ಉದುರಿದೆ, ಎಲ್ಲಿ ಗಾಜು ಸೀಳಿದೆ ಅಂತ ಬರೆದು, ಸಹಿ ಹಾಕಿದ ಚೀಟಿ ಕೊಡಿ. ಒದ್ದೆ ಬಟ್ಟೆ ಮಾತ್ರ ತಾಗಿಸಬೇಡಿ, ಚೊಕ್ಕ ಮಾಡಲು ಹೋಗಿ ಬಣ್ಣವನ್ನೇ ಒರೆಸಿಬಿಟ್ಟೀರಿ. ಕೊಡಲ್ಲ ಅಂದರೆ ಬೇಜಾರಾಗದೆ, ಅವರ ಮನೆಯಲ್ಲೇ ತೆಗೆದ ಫೋಟೊ ಹಚ್ಚಲು ಒಪ್ಪಿಗೆ ಕೇಳಿ.

ಇಂಥ ಸಣ್ಣ ಚಿತ್ರವನ್ನು ನಿಮ್ಮ ನಾಲ್ಕಡಿ ಕ್ಯಾನ್ವಾಸಿನ ಪಕ್ಕ ತೂಗುಹಾಕಿದರೆ ಯಾರೂ ನಿಂತು ನೋಡುವುದಿಲ್ಲ. ಅದಕ್ಕೆ ಬೇರೆ ಗೋಡೆ ಕೊಡಿ, ಕಣ್ಣಿನ ಮಟ್ಟಕ್ಕೆ ಹಚ್ಚಿ, ಒಂದು ಭೂತಗಾಜನ್ನು ದಾರ ಕಟ್ಟಿ ಇಡಿ. ಕಿಟಕಿಯ ಬಿಸಿಲು ನೇರ ಬೀಳಬಾರದು, ಜಲವರ್ಣವೂ ಬಿಸಿಲಿಗೆ ಮಾಸುತ್ತದೆ. ನಮ್ಮ ಕಡೆ ಬೇಸಿಗೆ ಹೆಂಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಏಪ್ರಿಲ್, ಮೇ ಬಿಟ್ಟುಬಿಡಿ. ಸುರಪುರಕ್ಕೆ ಕೃಷ್ಣ ಜನ್ಮಾಷ್ಟಮಿ ವೇಳೆಯ ವೇಣುಗೋಪಾಲಸ್ವಾಮಿ ಜಾತ್ರೆ ಸರಿಯಾದ ಹೊತ್ತು. ಅಲ್ಲಿ ಕಂಬ ಹತ್ತುವ ಆಟ ನೋಡಲು ಹಳ್ಳಿ ಹಳ್ಳಿಯಿಂದ ಜನ ಬರುತ್ತಾರೆ, ಪರವೂರಲ್ಲಿದ್ದವರೂ ಮನೆಗೆ ಬಂದಿರುತ್ತಾರೆ. ಶಹಾಪುರ, ಯಾದಗಿರಿಗೆ ದೀಪಾವಳಿಯ ನಂತರದ ದಿನಗಳು ಚಲೋ. ಅವೇ ಚಿತ್ರಗಳು ಮೂರೂ ಊರು ತಿರುಗಲಿ.

ಉದ್ಘಾಟನೆಗೆ ಬಹಳ ಹೊತ್ತು ಕೊಡಬೇಡಿ. ವೇದಿಕೆ, ಹಾರ, ಶಾಲು, ಒಂದೊಂದು ಭಾಷಣ. ಅತಿಥಿ ಹೋದ ಮೇಲೆ ಕೋಣೆಗೆ ಬೀಗ. ನಾನು ಕಂಡ ಪ್ರದರ್ಶನಗಳಲ್ಲಿ ಹೆಚ್ಚಿನವು ಸತ್ತದ್ದು ಹೀಗೇ. ರಿಬ್ಬನ್ನನ್ನು ಒಬ್ಬ ಸಾಲಿ ಹುಡುಗಿ ಕತ್ತರಿಸಿದರೂ ನಡೆಯುತ್ತದೆ.

ಬದಲಿಗೆ ಚಿತ್ರ ಬರೆದವರು ದಿನವೂ ಚಿತ್ರದ ಪಕ್ಕ ಕುರ್ಚಿ ಹಾಕಿ ಕೂತಿರಿ. ಸಂತೆಗೆ ಬಂದ ಅವ್ವ “ಇದೇನಪಾ?” ಅಂತ ಕೇಳಿದರೆ ಸಮಾಧಾನವಾಗಿ ಹೇಳಿ. ನಗಬೇಡಿ, ದೊಡ್ಡ ದೊಡ್ಡ ಮಾತೂ ಬೇಡ. ಬೆಲೆಯನ್ನು ಚಿತ್ರದ ಕೆಳಗಿನ ಚೀಟಿಯಲ್ಲೇ ಬರೆಯಿರಿ, ಕೇಳಲು ಸಂಕೋಚಪಡುವವರೇ ಬಹಳ. ಯಾದಗಿರಿಯಲ್ಲಿ ಕನ್ನಡದ ಕೆಳಗೆ ಉರ್ದುವಿನಲ್ಲೂ ಒಂದು ಸಾಲು ಇರಲಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಯ ಮೇಲೇ ಚಿತ್ರಸಂತೆ ನಡೆಸುತ್ತಾರಲ್ಲ, ಅಲ್ಲಿ ಕಲಾವಿದ ತಾನೇ ನಿಂತು ಮಾರುತ್ತಾನೆ, ಕೊಳ್ಳುವವ ಅವನ ಜೊತೆಗೇ ಮಾತಾಡುತ್ತಾನೆ. ಅದಕ್ಕೇ ಅಲ್ಲಿ ಅಷ್ಟು ಜನ.

ಮೊದಲ ವರ್ಷ ಒಂದೂ ಚಿತ್ರ ಮಾರಾಟವಾಗದೆ ಹೋದೀತು. ಆದರೂ ಮರುವರ್ಷ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ ಹಚ್ಚಿರಿ. ಈಗ ಸುರಪುರದ ತಾರೀಖು ಗೊತ್ತುಮಾಡಿ, ಸಾಲಿಗಳ ಚಿತ್ರಕಲಾ ಮಾಸ್ತರರಿಗೆ ಈ ವಾರವೇ ಚೀಟಿ ಮುಟ್ಟಿಸಿ.